ಗುಲಾಬಿ ಹತ್ತದ ಗಾಡಿ

"ಬೇಡ ಮಾರಾಯ. ಮಲಗಿದ್ದು ಮಲಗಿಕೊಂಡೇ ಇರಲಿ" ಎಂದು ಪದ್ಮಾಕ್ಷಿ ಹೇಳಿದಾಗ ಜಿತೇಶ ನಕ್ಕ ನಗೆಗೆ ಶೆಡ್ಡಿನ ಮಾಡಿನಲ್ಲಿದ್ದ ಪಾರಿವಾಳಗಳು ಎದ್ದು ಬಂಟ್ವಾಳದ ಹೊಳೆಯನ್ನೇ ದಾಟಿ ಹೋಗಿರಬೇಕು. ಅಷ್ಟು ದೊಡ್ಡ ನಗೆ. ಮುಂಬೈಯಲ್ಲಿ ಹುಟ್ಟಿ ಬೆಳೆದವರಿಗೆ ಮಾತ್ರ ಬರುವ ನಗೆ.

ಮಿಜಾರಿನ ಕಾಲೇಜೊಂದರಲ್ಲಿ ಯಂತ್ರಗಳ ಪಾಠ ಹೇಳುವ ಕೆಲಸ ಸಿಕ್ಕಿ ಅವನು ಊರಿಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲಿ ಸಿದ್ಧಕಟ್ಟೆಯ ಸೋದರಮಾವ ಹುಕ್ರಪ್ಪ ಪೂಜಾರಿ ತೀರಿಕೊಂಡರು. ಮಕ್ಕಳಿಲ್ಲದ ಮನುಷ್ಯ. ಹಿರಿಯರ ಅಳಿಯಸಂತಾನದ ಕಟ್ಟಿನಂತೆ ಅವರದೆಲ್ಲ ತಂಗಿಯ ಮಕ್ಕಳಿಗೆ. ತಂಗಿ ಹಿಂದೆಯೇ ಹೋಗಿದ್ದಳು. ಅವಳ ಮಗಳು ಸುಪ್ರೀತಾ ಗಂಡನ ಜೊತೆ ಮೂಡುಬಿದಿರೆಯಲ್ಲಿ ಸುಖವಾಗಿದ್ದಳು, ತನಗೇನೂ ಬೇಡ ಅಂದಳು. ಮಗ ಜಿತೇಶನೂ ಬೇರೇನನ್ನೂ ಕೇಳಲಿಲ್ಲ. ಕೇಳಿದ್ದು ಮನೆಯ ಹಿಂದಿನ ಶೆಡ್ಡಿನಲ್ಲಿದ್ದ ಪಿಕಪ್ಪನ್ನು ಮಾತ್ರ. ಉದ್ದ ಮೂತಿ, ದುಂಡು ಲೈಟು, ಆನೆಯ ಕಿವಿಯಂಥ ಮಡ್‌ಗಾರ್ಡು. ಅವನು ಹುಟ್ಟುವುದಕ್ಕೂ ಮೊದಲು ನಿಂತದ್ದು, ಆಮೇಲೆ ಒಂದು ಗೇಣೂ ಅಲುಗಿರಲಿಲ್ಲ.

"ಮಾಮಿ, ಇಂಥ ಗಾಡಿಗೆ ಜನ ಪ್ರಾಣ ಬಿಡ್ತಾರೆ" ಅಂದ.

"ಬಿಟ್ಟದ್ದು ಹೌದು" ಅಂದಳು ಪದ್ಮಾಕ್ಷಿ. ಅವಳು ಹುಕ್ರಪ್ಪನ ಹೆಂಡತಿ. ಮಡಿಲಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಬೆರಳು ನಿಲ್ಲಲಿಲ್ಲ, ದನಿ ಮಾತ್ರ ಇಳಿಯಿತು.

ಅದೊಂದು ಆಯುಧ ಪೂಜೆಯ ದಿನ. ಹುಕ್ರಪ್ಪ ಗಾಡಿ ತೊಳೆದು, ಹೂ ಹಾಕಿ, ಆರತಿ ಎತ್ತಿದ್ದರು. ಪೂಜೆಯಾದ ಗಾಡಿ ಮರುದಿನದವರೆಗೆ ಹೊರಡಬಾರದು, ಅದು ಅವರ ನೇಮ. ಹೊತ್ತು ಇಳಿಯುವಾಗ ಗುಡ್ಡದಾಚೆಯ ಅಂಗಾರ ಓಡಿ ಬಂದ. ಕೈಯಲ್ಲಿ ಮಗಳು ಗುಲಾಬಿ. ಸೊಪ್ಪು ತರಲು ಹೋದಲ್ಲಿ ಹಾವು ಮುಟ್ಟಿತ್ತು. ಊರಿಗೆಲ್ಲ ಇದ್ದದ್ದು ಇದೊಂದೇ ಗಾಡಿ. ಅಂಗಾರ ಅಂಗಳದಲ್ಲಿ ಬಿದ್ದು ಹೊರಳಿದ. ಹುಕ್ರಪ್ಪ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತರು. "ಪೂಜೆ ಆಗಿದೆ. ಇವತ್ತು ಇದು ಹೊರಡುದಿಲ್ಲ" ಅಂದರು. ಅಂಗಾರ ಮಗಳನ್ನು ಹೆಗಲಿಗೆ ಹಾಕಿಕೊಂಡು ಬಂಟ್ವಾಳದ ಆಸ್ಪತ್ರೆಗೆ ಓಡಿದ. ರಬ್ಬರ್ ತೋಟದ ಇಳಿಜಾರಿನಲ್ಲಿ ಹೆಗಲ ಮೇಲಿದ್ದ ಕೈ ತಣ್ಣಗಾಯಿತು.

"ಹೆಣ ತಕ್ಕೊಂಡು ಸೀದಾ ಇಲ್ಲಿಗೇ ಬಂದ. ಬಾನೆಟ್ಟಿನ ಮೇಲೆ ಮಲಗಿಸಿದ. ಈ ಗಾಡಿ ಇನ್ನೊಮ್ಮೆ ಹೊರಟ್ರೆ ಈ ಸಂತಾನದ ಹೆಣ್ಣು ಮಗುವನ್ನು ತಿಂದೇ ಹೊರಡ್ಲಿ ಅಂದ. ಬರೀ ಬಾಯಲ್ಲಿ ಹೇಳಿ ಬಿಟ್ಟದ್ದಲ್ಲ. ಎಲ್ಲಿಗೆಲ್ಲಾ ಹೋಗಿ ಎಂತೆಂತ ಮಾಡಿಸಿದ. ಅದಾದ ಮರುದಿನದಿಂದ ಕೀಲಿಕೈ ಇಲ್ಲದೆ ಗಾಡಿ ಗುರುಗುಟ್ಟಲಿಕ್ಕೆ ಶುರು. ಕಡೆಗೆ ನಿನ್ನ ಮಾವ ಒಬ್ಬ ಮಂತ್ರವಾದಿಯನ್ನು ಕರೆಸಿ ಕಟ್ಟಿಸಿದ್ರು. ಸೀಟಿನಡಿ ತಾಮ್ರದ ತಗಡು ಉಂಟು. ಅಂಗಾರ ಮುದುಕನಾಗಿ ಹೋಗಿ ಆಯ್ತು, ಆದ್ರೆ ಆ ತಗಡು ಇರುವವರೆಗೆ ಮಾತ್ರ ಇದಕ್ಕೆ ನಿದ್ದೆ."

ಜಿತೇಶ ಕಣ್ಣೊರೆಸಿಕೊಂಡ. ನಗುವಿನ ನೀರು.

"ಮಾಮಿ, ನನಗೆ ಮದುವೆಯೇ ಆಗ್ಲಿಲ್ಲ. ಪಾಪ ಅದು, ಹೆಣ್ಣು ಮಗುವನ್ನು ಎಲ್ಲಿಂದ ತಿನ್ನುದು? ಮೊದಲು ನನಗೊಂದು ಹುಡುಗಿ ಹುಡುಕಿ ಕೊಡ್ಲಿ, ಆಮೇಲೆ ನೋಡುವ."

"ನಿನ್ನ ಬಾಯಿಗೆ ಮಣ್ಣು ಹಾಕ" ಅಂದಳು ಪದ್ಮಾಕ್ಷಿ. ಆದರೆ ಈ ಸಲ ಅವಳ ಬೆರಳು ನಿಂತಿತ್ತು.

ಶೆಡ್ಡಿನ ಬಾಗಿಲು ತೆಗೆದಾಗ ಬಂದ ಗಾಳಿ ಬಾವಿಯೊಳಗಿನ ಗಾಳಿಯ ಹಾಗಿತ್ತು. ಹಳೇ ಡೀಸೆಲು, ಇಲಿ ಹಿಕ್ಕೆ, ಒಣ ಹೊಗೆಸೊಪ್ಪು. ಒಂದು ಕಾಲದಲ್ಲಿ ಬೀಡಿ ಎಲೆ ಹೊತ್ತ ಗಾಡಿಯಲ್ಲವೆ? ಇಲಿಗಳು ಸೀಟಿನೊಳಗೆ ಏಳು ತಲೆಮಾರು ಸಂಸಾರ ಮಾಡಿ, ವಯರುಗಳನ್ನೆಲ್ಲ ಮದುವೆಯೂಟದ ಶ್ಯಾವಿಗೆಯಂತೆ ತಿಂದು ಮುಗಿಸಿದ್ದವು. ಟಯರಿನ ಬಿರುಕಿನಲ್ಲಿ ಅಂಗೈ ತೂರಿಸಬಹುದಿತ್ತು. ಟ್ಯಾಂಕಿನಿಂದ ಇಳಿದದ್ದು ಡೀಸೆಲ್ ಅಲ್ಲ, ಬೆಲ್ಲದ ಪಾಕ.

ಆದರೆ ಹುಡುಗನ ಕೈಯಲ್ಲಿ ಕೆಲಸವಿತ್ತು, ಅದನ್ನು ಇಲ್ಲವೆನ್ನುವ ಹಾಗಿಲ್ಲ. ರಜೆ ಸಿಕ್ಕಾಗೆಲ್ಲ ಬಂದು ಗಾಡಿಯಡಿ ಮಲಗಿದ. ಟ್ಯಾಂಕು ತೊಳೆದ, ಬ್ರೇಕು ಬಿಚ್ಚಿ ಕಟ್ಟಿದ, ಹೊಸ ಟಯರು ಹಾಕಿದ, ಹೊಸ ವಯರು ಎಳೆದ, ಬ್ಯಾಟರಿ ಕೂರಿಸಿದ. ಎಲ್ಲವೂ ಸರಿ. ಇಂಜಿನ್ ಮಾತ್ರ ಕೆಮ್ಮುತ್ತಿತ್ತು, ಹತ್ತುತ್ತಿರಲಿಲ್ಲ. ಎಲ್ಲೋ ಗಾಳಿ ಎಳೆಯುತ್ತಿತ್ತು. ಹುಡುಕಿದರೆ ಡೀಸೆಲ್ ಪೈಪು ಪಂಪಿಗೆ ಸೇರುವಲ್ಲಿ ತಾಮ್ರದ ವಾಷರು ಸವೆದು ಎಲೆಯಂತಾಗಿತ್ತು. ನಾಳೆ ಆಯುಧ ಪೂಜೆ, ರಾತ್ರಿಯಾಗಿ ಅಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಅವನಿಗೆ ಪೂಜೆಯ ದಿನವೇ ಗಾಡಿ ಹೊರಡಿಸಬೇಕೆಂಬ ಹಟ. ಊರಿನವರ ಮುಖ ನೋಡಬೇಕಿತ್ತು ಅವನಿಗೆ.

ಸೀಟು ಎತ್ತಿದ. ತಗಡು ಅಲ್ಲೇ ಇತ್ತು, ಅಂಗೈಯಗಲ, ಕೆಂಪು ನೂಲು ಸುತ್ತಿದ್ದು. ನೂಲು ಬಿಡಿಸುವಾಗ ಬೆರಳಿಗೆ ಏನೋ ಚುಚ್ಚಿತು. ಬೈದುಕೊಂಡು ಬೆರಳು ಚೀಪಿದ. ತಗಡನ್ನು ಕೆಂಡದಲ್ಲಿ ಕಾಯಿಸಿ, ನೀರಿಗೆ ಅದ್ದಿ, ಕತ್ತರಿಸಿ, ತೂತು ಕೊರೆದು ಎರಡು ವಾಷರು ಮಾಡಿದ. ನೀರಿಗೆ ಅದ್ದಿದಾಗ ಎದ್ದ ಹಬೆಯಲ್ಲಿ ಕೂದಲು ಸುಟ್ಟ ವಾಸನೆಯಿತ್ತು. ಮೂಗು ಮುಚ್ಚಿಕೊಂಡ, ಅಷ್ಟೆ. ವಾಷರು ಕೂರಿಸಿ, ಗಾಳಿ ತೆಗೆದು, ಸೆಲ್ಫ್ ಕೊಟ್ಟ.

ಒಂದೇ ಏಟಿಗೆ ಹತ್ತಿತು.

ಪದ್ಮಾಕ್ಷಿಯ ಅಡುಗೆ ಮನೆಯಲ್ಲಿ ಪಾತ್ರೆಗಳೆಲ್ಲ ಗಡಗಡ ನಡುಗಿದವು. ಅವಳು ಹೊರಗೆ ಬರಲಿಲ್ಲ. ದೀಪ ಹಚ್ಚಿ ಅದರ ಮುಂದೆ ಕೂತವಳು ಬೆಳಗಾದರೂ ಏಳಲಿಲ್ಲ.

ಮರುದಿನ ಸುಪ್ರೀತಾ ಮಗಳು ಮೋಕ್ಷಿತಾಳನ್ನು ಕರೆದುಕೊಂಡು ಹಬ್ಬದೂಟಕ್ಕೆ ಬಂದಳು. ಎರಡನೇ ಕ್ಲಾಸಿನ ಹುಡುಗಿ, ಬಾಯಿ ಮಾತ್ರ ಹತ್ತನೇ ಕ್ಲಾಸಿನದು.

"ಮಾಮ, ಇದು ಗಾಡಿಯಾ, ಹಂದಿಯಾ? ಮೂತಿ ನೋಡು!"

"ಹಂದಿಯ ಮೇಲೆ ಒಂದು ಸುತ್ತು ಬರ್ತೀಯಾ?"

ಗೊಂಡೆ ಹೂವಿನ ಮಾಲೆ ಹಾಕಿ, ಕುಂಕುಮ ಇಟ್ಟು, ಆರತಿ ಎತ್ತಿದ್ದಾಯಿತು. ಹೊತ್ತು ಇಳಿಯುತ್ತಿತ್ತು. ಮೋಕ್ಷಿತಾ ಹಾರಿ ಒಳಗೆ ಕೂತಳು. ಆಗ ಜಗಲಿಯಿಂದ ಪದ್ಮಾಕ್ಷಿ ಓಡಿ ಬಂದಳು. ಬಂದವಳೇ ಗಾಡಿಯ ಎದುರು ಕೈ ಅಗಲಿಸಿ ನಿಂತಳು.

"ಮಗುವನ್ನು ಇಳಿಸು ಜಿತೇಶ. ಇಳಿಸು!"

"ನಿಮ್ಮದೊಂದು, ಮಾಮಿ. ಹೆಣ್ಣು ಮಗು ನನಗಿಲ್ಲ ಅಂತ ಹೇಳಿದ್ದೇನಲ್ಲ."

"ಗಾಡಿ ನಿನಗೆ ಹೇಗೆ ಬಂತು? ಅಪ್ಪನಿಂದ ಬಂತಾ? ಮಾವನಿಂದ ಅಳಿಯನಿಗೆ ಬಂದದ್ದು. ನಿನ್ನ ಸಂತಾನ ಅಂದ್ರೆ ನಿನ್ನ ಅಕ್ಕನ ಮಗುವೇ ಅಲ್ವಾ ಮಾರಾಯ!"

ಸುಪ್ರೀತಾಳ ಮುಖ ಒಂದು ಗಳಿಗೆ ಬಿಳಿಚಿತು. "ಜಿತ್ತು, ಇವತ್ತು ಬೇಡ..." ಅಂದಳು. ಆದರೆ ಅವನು ನಗುತ್ತ ಸ್ಟೇರಿಂಗ್ ತಿರುಗಿಸಿ, ಮಾಮಿಯನ್ನು ಬಳಸಿ, ಅಂಗಳ ದಾಟಿಸಿಯೇ ಬಿಟ್ಟ. "ಪೇಟೆಯವರೆಗೆ ಹೋಗಿ ಐಸ್‌ಕ್ರೀಮ್ ತಿಂದು ಬರ್ತೇವೆ!"

ಹಿಂದಿನಿಂದ ಕೇಳಿದ್ದು ಪದ್ಮಾಕ್ಷಿ ಎದೆ ಬಡಿದುಕೊಳ್ಳುವ ಸದ್ದು.

ಸಿದ್ಧಕಟ್ಟೆ ಪೇಟೆಯ ಕಡೆಗೆ ತಿರುಗಬೇಕಾದ ಕವಲಿನಲ್ಲಿ ಸ್ಟೇರಿಂಗ್ ಗಟ್ಟಿಯಾಯಿತು. ಎಷ್ಟು ಎಳೆದರೂ ತಿರುಗಲಿಲ್ಲ. ಗಾಡಿ ನೇರ ಬಂಟ್ವಾಳದ ದಾರಿ ಹಿಡಿಯಿತು. ಗ್ರೀಸು ಸಾಲದೇ ಇರಬೇಕು ಅಂದುಕೊಂಡ. ಮುಂದೆ ತಿರುಗಿಸಿದರಾಯಿತು. ಅಷ್ಟರಲ್ಲಿ ರಬ್ಬರ್ ತೋಟ ಬಂತು. ಹೊರಗೆ ಇನ್ನೂ ಬಿಸಿಲಿತ್ತು, ತೋಟದೊಳಗೆ ಕತ್ತಲೆ ಕೂತಿತ್ತು. ಲೈಟು ಹಾಕಿದ. ಹಳದಿ ಬೆಳಕು ಹತ್ತು ಮಾರು ಹೋಗಿ ಸತ್ತಿತು.

ಹಿಂದಿನ ತಗಡಿನ ಮೇಲೆ ಧಡ್ ಎಂದು ಏನೋ ಬಿತ್ತು.

ಯಾರೋ ಹತ್ತಿದ ಹಾಗೆ. ಬರಿಗಾಲು. ತಗಡಿನ ಮೇಲೆ ಹೆಜ್ಜೆ ಮುಂದೆ ಮುಂದೆ ಬಂತು. ಅವನ ಬೆನ್ನ ಹಿಂದೆಯೇ ನಿಂತಿತು. ಆಮೇಲೆ ಕ್ಯಾಬಿನ್ನಿಗೆ ಅಂಗೈಯಿಂದ ಎರಡು ಬಡಿತ. ಹಿಂದೆ ಕೂತ ಆಳುಗಳು ಹೊರಡು ಎಂದು ಬಡಿಯುತ್ತಾರಲ್ಲ, ಹಾಗೆ.

ಕನ್ನಡಿ ನೋಡಿದ. ಯಾರೂ ಇಲ್ಲ.

"ಮಾಮ" ಮೋಕ್ಷಿತಾ ಹಿಂದಿನ ಕಿಂಡಿಯ ಗಾಜಿಗೆ ಮೂಗು ಒತ್ತಿ ಕೂತಿದ್ದಳು. "ಆ ಅಜ್ಜ ಯಾಕೆ ಅಳುದು? ಆ ಅಕ್ಕನಿಗೆ ನಿದ್ದೆಯಾ?"

"ಯಾವ ಅಜ್ಜ?"

"ಅಕ್ಕನನ್ನು ಎತ್ಕೊಂಡಿದ್ದಾರಲ್ಲ, ಅವರು."

ಹೊಗೆಸೊಪ್ಪಿನ ಘಾಟು ಕರಗಿ ಹೋಗಿತ್ತು. ಈಗ ಬರುತ್ತಿದ್ದದ್ದು ಜಜ್ಜಿದ ಹಸಿ ಸೊಪ್ಪಿನ ವಾಸನೆ. ಗಾಯಕ್ಕೆ ಕಟ್ಟುವ ಮದ್ದಿನ ವಾಸನೆ. ಜಿತೇಶ ಬ್ರೇಕು ತುಳಿದ. ಕಾಲು ನೆಲಕ್ಕೆ ಹೋಯಿತು. ಗಾಡಿ ನಿಲ್ಲಲಿಲ್ಲ. ಮತ್ತೆ ತುಳಿದ. ನಿಲ್ಲಲಿಲ್ಲ.

"ಮಾಮ, ಕಾಲಿಗೆ ಎಂತದೋ ಕಚ್ಚಿತು."

ನೋಡಿದ. ಪಾದದ ಮೇಲೆ ಎರಡು ಚುಕ್ಕೆ. ಅಕ್ಕಪಕ್ಕ. ಎರಡರಲ್ಲೂ ರಕ್ತದ ಒಂದೊಂದು ಮಣಿ. ಕೆಳಗೆ ಹಾವಿಲ್ಲ. ಹಲ್ಲಿಯೂ ಇಲ್ಲ. ಬರೀ ತಗಡು.

ಇಳಿಜಾರು ಬಂತು. ಇಂಜಿನ್ ಒಮ್ಮೆ ಕೆಮ್ಮಿತು. ನಿಂತಿತು. ಬೇಡದಾಗ ಓಡಿದ್ದು ಬೇಕಾದಾಗ ಸತ್ತಿತು.

ಕೀಲಿ ತಿರುಗಿಸಿದ. ಸದ್ದಿಲ್ಲ. ಮೋಕ್ಷಿತಾಳ ರೆಪ್ಪೆ ಇಳಿಯುತ್ತಿತ್ತು. "ನಿದ್ದೆ ಬರ್ತದೆ ಮಾಮ" ಅಂದಳು. ನಾಲಗೆ ತೊದಲುತ್ತಿತ್ತು.

ಅಕ್ಕನಿಗೆ ಫೋನು ಮಾಡಿದ. ಅವಳು ಕಿರುಚಿದಳು. ಪಕ್ಕದ ಮನೆಯ ಕಾರು ಸ್ಟಾರ್ಟ್ ಆಗುತ್ತಿಲ್ಲವಂತೆ. ಅವರ ಬೈಕೂ ಹತ್ತುತ್ತಿಲ್ಲವಂತೆ. ಜಿತೇಶ ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಿದ. ರಸ್ತೆ ಬದಿಯಲ್ಲಿ ಒಂದು ಮನೆ. ಅಂಗಳದಲ್ಲಿ ಮಾಲೆ ಹಾಕಿದ ಕಾರು. ಯಜಮಾನ ಪುಣ್ಯಾತ್ಮ, ಉಣ್ಣುವ ಕೈ ತೊಳೆಯದೆ ಓಡಿ ಬಂದ. ಕೀಲಿ ತಿರುಗಿಸಿದ. ಕಟ್. ಮತ್ತೆ ತಿರುಗಿಸಿದ. ಕಟ್. "ಬೆಳಿಗ್ಗೆ ಸರಿ ಇತ್ತು, ದೇವರಾಣೆ" ಅನ್ನುತ್ತ ಅವನೇ ಅತ್ತ. ಮುಂದಿನ ಮನೆಯ ಜೀಪು. ಕಟ್. ಅದರಾಚೆಯ ರಿಕ್ಷಾ. ಕಟ್. ಎಲ್ಲದರ ಹಣೆಯಲ್ಲೂ ಕುಂಕುಮ. ಎಲ್ಲದರ ಕೊರಳಲ್ಲೂ ಹೂ. ಊರಿನ ಒಂದೊಂದು ಗಾಡಿಯೂ ಹುಕ್ರಪ್ಪನಾಗಿ ನಿಂತಿತ್ತು.

ಓಡಿದ. ಎದೆ ಒಡೆಯುವಂತೆ ಓಡಿದ. ಪಕ್ಕದಲ್ಲಿ ಇನ್ನೊಂದು ಜೋಡಿ ಕಾಲು ಓಡುತ್ತಿತ್ತು. ಬರಿಗಾಲು. ಅವನದೇ ಲಯ. ಅವನದೇ ಏದುಸಿರು. ತಿರುಗಿ ನೋಡಲಿಲ್ಲ. ಹೆಗಲ ಮೇಲಿದ್ದ ಸಣ್ಣ ಕೈ ತಣ್ಣಗಾಗುತ್ತಿತ್ತು.

ಎದುರಿನಿಂದ ಬೆಳಕು ಬಂತು. ಮೀನು ಮಾರುವ ಅಬ್ದುಲ್ ಶುಕೂರನ ಗೂಡ್ಸ್ ರಿಕ್ಷಾ. ಹೂವಿಲ್ಲ, ಕುಂಕುಮವಿಲ್ಲ, ಪೂಜೆ ಕಾಣದ ಗಾಡಿ. ಖಾಲಿ ಬುಟ್ಟಿಗಳನ್ನು ರಸ್ತೆಗೆ ಎಸೆದು, "ಹತ್ತಿ, ಹತ್ತಿ! ಮಾತು ಆಮೇಲೆ!" ಅಂದ ಶುಕೂರ್. ಆ ರಿಕ್ಷಾ ಓಡಿದ್ದನ್ನು ಕಂಡವರು ಈಗಲೂ ಹೇಳುತ್ತಾರೆ, ಅದರ ಚಕ್ರ ನೆಲಕ್ಕೆ ತಾಗಿದ್ದೇ ಕಾಣಲಿಲ್ಲವಂತೆ. ಅದು ತಿರುವು ದಾಟಿದ್ದೇ ತಡ, ಹಿಂದೆ ಊರಿನ ಗಾಡಿಗಳೆಲ್ಲ ಏನೂ ಆಗಿಲ್ಲವೆಂಬಂತೆ ಒಂದೊಂದಾಗಿ ಸ್ಟಾರ್ಟ್ ಆದವು.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಮೂಗಿಗೆ ನಳಿಗೆ ಹಾಕಿದರು. ಸುಪ್ರೀತಾ ಬಂದಳು, ತಮ್ಮನ ಮುಖ ನೋಡಲಿಲ್ಲ. ಪದ್ಮಾಕ್ಷಿ ಹಿಂದಿನಿಂದ ಬರುತ್ತೇನೆ ಅಂದಿದ್ದಳಂತೆ. ಸ್ವಲ್ಪ ಹೊತ್ತಿನಲ್ಲೇ ಡಾಕ್ಟರು ಹೊರಗೆ ಬಂದು, "ಹೆದರಬೇಡಿ, ಮಗು ಕಣ್ಣು ಬಿಟ್ಟಿದೆ" ಅಂದರು. ಜಿತೇಶ ಗೋಡೆಗೆ ಒರಗಿ ಕುಸಿದು ಕೂತ. ಹಾಗಾದರೆ ಮಾಟ ಸೋತಿತು. ಮಗು ಉಳಿಯಿತು.

ಒಳಗೆ ಹೋದರು. ಹುಡುಗಿ ಟ್ಯೂಬ್‌ಲೈಟನ್ನು ನೋಡುತ್ತಿದ್ದಳು, ಹಿಂದೆಂದೂ ಕಾಣದ್ದನ್ನು ನೋಡುವ ಹಾಗೆ. ಸುಪ್ರೀತಾ ಕೆನ್ನೆ ಸವರಿದಳು. "ಮೋಕ್ಷು..."

ಹುಡುಗಿ ಮೆಲ್ಲನೆ ಕೆನ್ನೆ ಆಚೆ ಸರಿಸಿದಳು. ದೊಡ್ಡ ಮನೆಯವರೆದುರು ಬಡವರ ಮಕ್ಕಳು ಸರಿಯುವ ಹಾಗೆ. ಕೈ ಮುಗಿದಳು.

"ಅಮ್ಮಾ, ಅಪ್ಪ ಹೊರಗೆ ಇದ್ದಾರಾ? ತುಂಬಾ ಓಡಿದ್ದಾರೆ, ಸ್ವಲ್ಪ ನೀರು ಕೊಡಿ. ಗುಲಾಬಿ ಆಸ್ಪತ್ರೆಗೆ ಮುಟ್ಟಿದ್ಲು ಅಂತ ಹೇಳಿ."

ಜಿತೇಶನ ಕಿಸೆಯಲ್ಲಿ ಫೋನು ಬಡಿದುಕೊಂಡಿತು. ಪದ್ಮಾಕ್ಷಿ.

"ಎಂತ ಮಾಡಿದ್ರಿ ನೀವು? ಮಗುವನ್ನು ಬಿಟ್ಟು ಎಲ್ಲಿಗೆ ಹೋದ್ರಿ?" ಮುದುಕಿ ಏದುಸಿರು ಬಿಡುತ್ತಿದ್ದಳು. "ನಾನು ಇಳಿಜಾರಲ್ಲಿ ಗಾಡಿಯ ಹತ್ರ ಇದ್ದೇನೆ. ಮೋಕ್ಷಿತಾ ಒಳಗೆ ಅಳ್ತಾ ಉಂಟು. ಬಾಗಿಲು ತೆಗೀಲಿಕ್ಕೆ ಆಗುದಿಲ್ಲ ಮಾರಾಯ, ಗಾಜು ಒಡೀಲಿಕ್ಕೂ ಆಗುದಿಲ್ಲ..."

ಅವಳ ಮಾತಿನ ಹಿಂದೆ, ದಪ್ಪ ಗಾಜಿನ ಆಚೆಯಿಂದ ಬಂದ ಹಾಗೆ, ಅವನಿಗೆ ಚೆನ್ನಾಗಿ ಗೊತ್ತಿದ್ದ ದನಿ ಕೇಳಿಸಿತು.

"ಮಾಮ, ಕತ್ತಲೆ ಆಯ್ತು. ಮನೆಗೆ ಹೋಗುವ."