ಗಡಿಯಾರದ ನಾಲ್ಕು ತಿರುಪುಗಳು

ನಾಲ್ಕನೆಯ ತಿರುಪು ಸಡಿಲವಾದಾಗ ಬೆಳಗಿನ ಹನ್ನೊಂದು ಗಂಟೆ. ಗಡಿಯಾರದ ಹಿಂಬದಿಯ ತಗಡು ಮೆಲ್ಲನೆ ಕಳಚಿ ಮೇಸ್ತ್ರಿಯ ಅಂಗೈಗೆ ಬಂದಿತು. ಅದರ ಒಳಮೈಯನ್ನು ಆತ ಓದಿದ. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದ. ಅನಂತರ ಎದ್ದುಹೋಗಿ ಅಂಗಡಿಯ ಶಟರನ್ನು ಅರ್ಧಕ್ಕೆ ಎಳೆದ.

ಅದು ಜಪಾನಿನ ಹಳೆಯ ಸ್ಪೋರ್ಟ್ಸ್ ಕಾರೊಂದರ ಗಡಿಯಾರ. ಎರಡೇ ಆಸನಗಳ, ಉದ್ದ ಮೂತಿಯ ಆ ಕಾರಿನ ತಯಾರಿಕೆ ನಿಂತು ನಲವತ್ತು ವರ್ಷ ದಾಟಿತ್ತು. ಅದರ ಒಂದೊಂದು ಬಿಡಿಭಾಗವನ್ನೂ ಗುಜರಿಗಳಲ್ಲಿ, ದೂರದೇಶದ ಪಾರ್ಸೆಲ್ಲುಗಳಲ್ಲಿ, ಸತ್ತವರ ಶೆಡ್ಡುಗಳಲ್ಲಿ ಅರಸಬೇಕು. ಹಾಗೆ ಅರಸಿ ತಂದು ಜೀವ ತುಂಬುವವನು ಆ ಊರಿಗೆ ಈ ಮೇಸ್ತ್ರಿಯೊಬ್ಬನೇ. ಗುಜರಿಯ ತುಕ್ಕಣ್ಣ ಹಿಂದಿನ ದಿನ ಈ ಗಡಿಯಾರವನ್ನು ಕಳುಹಿಸಿದ್ದ. ಸರಿಪಡಿಸಿದರೆ ಯಾರಿಗಾದರೂ ಆದೀತೆಂದು ಮೇಸ್ತ್ರಿ ಬಿಚ್ಚಿದ್ದ.

ಮೇಸ್ತ್ರಿಯ ತಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಬಿಚ್ಚಿದ ಪ್ರತಿಯೊಂದು ಗಡಿಯಾರದ ಒಳಮೈಯಲ್ಲೂ ಸೂಜಿಮೊನೆಯಿಂದ ದಿನಾಂಕ ಗೀರುವುದು ಅವರ ರೂಢಿ. ಮಗನಿಗೂ ಆ ರೂಢಿ ಬಂದಿತ್ತು.

ತಗಡಿನ ಮೇಲಿದ್ದುದು ಮೇಸ್ತ್ರಿಯದೇ ಕೈಬರಹ. ಹತ್ತೊಂಬತ್ತು ವರ್ಷ ಹಿಂದಿನ ಒಂದು ದಿನಾಂಕ. ಕೆಳಗೆ ಎರಡು ಮಾತು: 'ಅಣ್ಣನ ಕಾರು'.

ಆ ದಿನ ಮಧ್ಯಾಹ್ನವೇ ಅಣ್ಣ ಊಟ ಮುಗಿಸಿ ಕಾರು ತೆಗೆದುಕೊಂಡು ಹೊರಟಿದ್ದ. ಅನಂತರ ಅಣ್ಣನೂ ಸಿಕ್ಕಿರಲಿಲ್ಲ, ಕಾರೂ ಸಿಕ್ಕಿರಲಿಲ್ಲ.

*

ಇನ್ಸ್‌ಪೆಕ್ಟರ್ ಹಳೆಯ ಕಡತವನ್ನು ಕಂಕುಳಲ್ಲಿಟ್ಟುಕೊಂಡೇ ಅಂಗಡಿಗೆ ಬಂದರು. ಐವತ್ತರ ಆಸುಪಾಸಿನ ಹೆಂಗಸು. ಮಾತು ಮಿತ, ನೋಟ ನಿಧಾನ.

ಕಡತ ತೆಳ್ಳಗಿತ್ತು. 'ತಾನಾಗಿಯೇ ಊರು ತೊರೆದಿದ್ದಾನೆ' ಎಂಬಲ್ಲಿಗೆ ಅದು ಮುಗಿದಿತ್ತು. ಆಧಾರ ಒಂದೇ ಸಾಕ್ಷಿ. ಅಣ್ಣನ ಆಪ್ತಮಿತ್ರರಾದ ಹಲ್ಲಿನ ಡಾಕ್ಟರು ಆ ಸಂಜೆ ಹೆದ್ದಾರಿಯಲ್ಲಿ ಅವನ ಹಸಿರು ಕಾರನ್ನು ಕಂಡಿದ್ದರು. ಪಕ್ಕದ ಆಸನದಲ್ಲಿ ಒಬ್ಬ ಹೆಂಗಸಿದ್ದಳು ಎಂದು ಹೇಳಿದ್ದರು. ಆ ಒಂದು ವಾಕ್ಯ ಅತ್ತಿಗೆಯ ಹತ್ತೊಂಬತ್ತು ವರ್ಷಗಳನ್ನು ನುಂಗಿ ಕುಳಿತಿತ್ತು.

"ನಿಮ್ಮತ್ತಿಗೆ ಏನಂತಾರೆ?"

"ಮೊದಲನೇ ವರ್ಷ ದಿನಾ ಬಾಗಿಲು ಕಾಯ್ತಿದ್ರು ಮೇಡಂ. ಎರಡನೇ ವರ್ಷ ಬಾಗಿಲಿನ ಬೀಗಾನೇ ಬದಲಾಯಿಸಿಬಿಟ್ರು. ಅಣ್ಣನ ಹತ್ರ ಒಂದು ಕೀಲಿ ಇತ್ತಲ್ಲ, ಅದಕ್ಕೆ. ಈಗ ಅವನ ಸುದ್ದಿ ಎತ್ತಿದ್ರೆ ಎದ್ದು ಒಳಗೆ ಹೋಗ್ತಾರೆ. ಮಗಳಿಗೆ ಆಗ ನಾಲ್ಕು ವರ್ಷ. ಅಪ್ಪ ಬಿಟ್ಟುಹೋದ ಮಗು ಅನ್ನಿಸಿಕೊಂಡೇ ಬೆಳೀತು."

"ನಿಮಗೇನು ಬೇಕು?"

"ಬಿಟ್ಟು ಹೋದನೋ, ಹೋಗಲೇ ಇಲ್ಲವೋ. ಅಷ್ಟು ಗೊತ್ತಾದ್ರೆ ಸಾಕು."

"ಗಡಿಯಾರವನ್ನ ನಿಮ್ಮಣ್ಣನೇ ಮೊದಲೇ ಯಾರಿಗಾದ್ರೂ ಕೊಟ್ಟಿರಬಹುದಲ್ಲ?"

"ದಿನಾಂಕ ನೋಡಿ. ಅವತ್ತು ಬೆಳಿಗ್ಗೆ ರಿಪೇರಿ ಮಾಡಿ ನಾನೇ ಕಾರಿನಲ್ಲಿ ಕೂರಿಸಿದ್ದು."

"ಅಂದರೆ ಆ ಕಾರನ್ನ ಕೊನೆಗೆ ಮುಟ್ಟಿದವರು ನೀವು."

ಮೇಸ್ತ್ರಿಯ ಮುಖ ಕಪ್ಪಿಟ್ಟಿತು. "ನನ್ನ ಮೇಲೇನಾ ಅನುಮಾನ?"

"ದೂರು ಕೊಟ್ಟವರಿಂದಲೇ ಶುರು ಮಾಡ್ತೀನಿ. ಬೇಜಾರು ಮಾಡ್ಕೋಬೇಡಿ, ನನ್ನ ಕಸುಬೇ ಅಂಥದು." ಅವರು ನಾಲ್ಕು ಪುಟ್ಟ ತಿರುಪುಗಳನ್ನು ಬೆಳಕಿಗೆ ಹಿಡಿದರು. "ಎರಡು ಸಲ ಬಿಚ್ಚಿದ್ದೀರಿ ಅಂತೀರಿ. ಇವು ಈಗತಾನೇ ಕಾರ್ಖಾನೆಯಿಂದ ಬಂದ ಹಾಗಿವೆ."

ಮೇಸ್ತ್ರಿ ಗೋಡೆಯಿಂದ ಒಂದು ಸ್ಕ್ರೂಡ್ರೈವರ್ ತೆಗೆದ. ಹಿಡಿಯ ಬಣ್ಣ ಸವೆದು ಹೋಗಿತ್ತು. "ಜಪಾನಿನವರ ಪ್ಲಸ್ ತಿರುಪು ನೋಡೋಕೆ ಎಲ್ಲದರ ಹಾಗೇ ಇರುತ್ತೆ. ಆದರೆ ಮಾಮೂಲಿ ಸ್ಕ್ರೂಡ್ರೈವರ್ ಅದರಲ್ಲಿ ಪೂರ್ತಿ ಕೂರಲ್ಲ. ಜಾರುತ್ತೆ, ತಲೆ ಕಿತ್ತುಹೋಗುತ್ತೆ. ಇದು ಅದಕ್ಕಂತಲೇ ಮಾಡಿದ್ದು. ಅಣ್ಣ ತರಿಸಿಕೊಟ್ಟಿದ್ದ. ಇದರಲ್ಲಿ ನೂರು ಸಲ ಬಿಚ್ಚಿದರೂ ಗುರುತು ಉಳಿಯಲ್ಲ." ಆಮೇಲೆ ಗಡಿಯಾರದ ಜೊತೆಯಲ್ಲೇ ಬಂದಿದ್ದ ಬೇರೆ ಎರಡು ತಿರುಪುಗಳನ್ನು ಮುಂದಕ್ಕೆ ತಳ್ಳಿದ. ಅವುಗಳ ತಲೆ ಇಲಿ ಕಡಿದಂತೆ ಕಿತ್ತುಹೋಗಿತ್ತು. "ಇವು ಗಡಿಯಾರವನ್ನ ಕಾರಿಗೆ ಹಿಡಿದಿಡೋವು. ಕಾರಿನಿಂದ ಕಿತ್ತವನಿಗೆ ಈ ಕೆಲಸ ಗೊತ್ತಿಲ್ಲ. ಮನೆಯಲ್ಲಿರೋ ಯಾವುದೋ ಸ್ಕ್ರೂಡ್ರೈವರ್ ತಗೊಂಡು ಕಿತ್ತಿದ್ದಾನೆ."

"ಮೆಕ್ಯಾನಿಕ್ ಹತ್ರ ಕೊಡದೆ ತಾನೇ ಕಿತ್ತಿದ್ದಾನೆ," ಎಂದರು ಇನ್ಸ್‌ಪೆಕ್ಟರ್, ತಮಗೆ ತಾವೇ ಹೇಳಿಕೊಂಡಂತೆ. "ಈ ಗಡಿಯಾರವನ್ನ ಮುಚ್ಚಿಬಿಡಿ. ಮೊದಲು ಹೇಗಿತ್ತೋ ಹಾಗೇ."

*

ತುಕ್ಕಣ್ಣನ ಗುಜರಿಯಲ್ಲಿ ಕಾರುಗಳು ಒಂದರ ಮೇಲೊಂದು ಕಣ್ಣಿಲ್ಲದೆ ಮಲಗಿದ್ದವು. ಮೋಡ ತಗ್ಗಿ ಬಂದಿತ್ತು. ಮೂಲೆಯ ರಾಶಿಯಿಂದ ಹಸಿರು ಬಾಗಿಲೊಂದು ಹೊರಚಾಚಿಕೊಂಡಿತ್ತು. ಅದನ್ನು ಕಂಡ ಮೇಸ್ತ್ರಿ ಅತ್ತ ಓಡಿದ.

"ಅದೇ ಬಾಗಿಲು ಮೇಡಂ!"

ಇನ್ಸ್‌ಪೆಕ್ಟರ್ ತುಕ್ಕಣ್ಣನ ಕಡೆ ತಿರುಗಿದರು. ಅವನು ಎರಡೂ ಕೈ ಎತ್ತಿದ. "ಅಮ್ಮಾ, ನನ್ನ ಹತ್ರ ಇರೋದೆಲ್ಲ ಕಳ್ಳಮಾಲು ಅಂದ್ರೆ ನಾನೂ ಇಷ್ಟೊತ್ತಿಗೆ ಕಾರಲ್ಲಿ ಓಡಾಡ್ತಿದ್ದೆ! ಅದು ಮೊನ್ನೆ ಬಂದರಿನಿಂದ ಬಂದಿದ್ದು. ಬೇಕಾದ್ರೆ ಕಾಗದ ತೋರಿಸ್ತೀನಿ."

ಮೇಸ್ತ್ರಿ ಆಗಲೇ ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸುತ್ತಿದ್ದ. ನಿಟ್ಟುಸಿರು ಬಿಟ್ಟ. "ಅಲ್ಲ. ಇದು ಎರಡು ವರ್ಷ ಆಮೇಲಿನ ಕಾರಿನದು. ಕೀಲುಗಳ ಜಾಗ ಬೇರೆ."

"ಗಡಿಯಾರ ಎಲ್ಲಿಂದ ಬಂತು?"

"ಗಾಡಿ ತಗೊಂಡು ಮನೆಮನೆ ಸುತ್ತಿ ತಂದ ಮಾಲಮ್ಮ. ಯಾವ ಮನೇದು ಅಂತ ಹೇಳಲಿ? ಹಳೇ ಮಂಚ, ಮುರಿದ ಫ್ಯಾನು, ಅದರ ನಡುವೆ ಒಂದು ಡಬ್ಬಿ, ಡಬ್ಬಿಯೊಳಗೆ ಇದು. ಈ ಮೇಸ್ತ್ರಿ ಬಿಟ್ರೆ ಇದನ್ನ ಕೇಳೋರ್‍ಯಾರು, ಕಳಿಸಿದೆ."

"ಡಬ್ಬಿ?"

ತುಕ್ಕಣ್ಣ ಮೇಜಿನ ಕಡೆ ಬೆರಳು ಮಾಡಿದ. ಗಟ್ಟಿಯಾದೊಂದು ರಟ್ಟಿನ ಡಬ್ಬಿಯಲ್ಲಿ ಅವನ ಕನ್ನಡಕ, ಪೆನ್ನು, ತಲೆನೋವಿನ ಮಾತ್ರೆ ಇದ್ದವು. "ಗಟ್ಟಿ ಇತ್ತು ಅಂತ ಇಟ್ಕೊಂಡೆ. ಅದೂ ಅಪರಾಧವಾ?"

ಮೇಸ್ತ್ರಿ ಡಬ್ಬಿಯನ್ನು ಎತ್ತಿ ನೋಡಿದ. ಅಂಚುಗಳಿಗೆ ನೀಲಿ ಟೇಪು. ಮೂಲೆಗಳಲ್ಲಿ ಟೇಪನ್ನು ಎರಡು ಸಲ ಮಡಚಿ ಅಂಟಿಸಲಾಗಿತ್ತು.

"ಇದನ್ನ ಕಟ್ಟಿದ್ದು ನಾನೇ."

*

ಇನ್ಸ್‌ಪೆಕ್ಟರ್ ಜೀಪನ್ನು ಹೊರಡಿಸಲಿಲ್ಲ. ಗುಜರಿಯ ಮುಂದೆಯೇ ನಿಲ್ಲಿಸಿಕೊಂಡು ಕೇಳಿದರು. "ಹೊಸದು ಬಂದ ಡಬ್ಬಿಯಲ್ಲೇ ಹಳೇದನ್ನ ಹಾಕಿ ಎಸೆಯೋದು ಎಲ್ಲರ ಕೈಯ ಅಭ್ಯಾಸ. ಈ ಕಾರಿನ ಗಡಿಯಾರವನ್ನ ಈ ವರ್ಷ ಯಾರಿಗೆ ಕೊಟ್ಟಿರಿ?"

"ಒಂದೇ ಒಂದು. ಡಾಕ್ಟರಿಗೆ. ಅವರದೂ ಅದೇ ಕಾರು, ಕೆಂಪು. ಆದ್ರೆ ಅವರಾ? ಛೆ, ಅಣ್ಣ ಹೋದಾಗಿನಿಂದ ಅತ್ತಿಗೆಗೆ ಆಸರೆಯಾಗಿ ನಿಂತವರು ಮೇಡಂ ಅವರು."

"ಅವರ ಕಾರನ್ನ ಕೊನೆಗೆ ನೋಡಿದ್ದು ಯಾವಾಗ?"

"ಅಣ್ಣ ಕಾಣೆಯಾಗೋಕೆ ಒಂದು ತಿಂಗಳು ಮುಂಚೆ. ಅವರ ಗ್ಯಾರೇಜಿನ ನೆಲದಲ್ಲಿ ಕಾರಿನ ಕೆಳಗೆ ನಿಂತು ಕೆಲಸ ಮಾಡೋ ಗುಂಡಿ ಇದೆ. ಅದರಲ್ಲಿ ಇಳಿದು ತಳ ನೋಡಿದ್ದೆ. ತುಕ್ಕು ತಿಂದು ಜರಡಿ ಆಗಿತ್ತು. ಇನ್ನು ಇದು ಉಳಿಯಲ್ಲ ಅಂದೆ. ಆಮೇಲೆ ಅವರೇ ಸರಿ ಮಾಡ್ಕೊಂಡ್ರಂತೆ."

"ಹಲ್ಲಿನ ಡಾಕ್ಟರು ಕಾರಿನ ತಳಕ್ಕೆ ಬೆಸುಗೆ ಹಾಕಿಕೊಂಡರಾ?"

ಹತ್ತೊಂಬತ್ತು ವರ್ಷ ಹಿಂದೆಯೇ ಮೇಸ್ತ್ರಿ ಕೇಳಬೇಕಾಗಿದ್ದ ಪ್ರಶ್ನೆ ಅದು.

"ಆಮೇಲೆ ಕಾರು ನಿಮ್ಮ ಅಂಗಡಿಗೆ ಬರಲೇ ಇಲ್ಲವಾ?"

"ಕಾರು ಬರಲ್ಲ ಮೇಡಂ, ಚೀಟಿ ಬರುತ್ತೆ. ಬೇಕಾದ ಭಾಗ ಬರೆದುಕೊಡ್ತಾರೆ, ಹುಡುಕಿ ಕೊಡ್ತೀನಿ, ಅವರೇ ಹಾಕ್ಕೋತಾರೆ. ಧೂಳು ತಾಗುತ್ತೆ ಅಂತ ಕಾರನ್ನ ಹೊರಗೆ ತರಲ್ಲ, ಅದೊಂದು ಹುಚ್ಚು ಅವರಿಗೆ."

ಅಂಗಡಿಗೆ ಹಿಂದಿರುಗಿ ಮೇಸ್ತ್ರಿ ಕಂಬಿಗೆ ಚುಚ್ಚಿಟ್ಟಿದ್ದ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿದ. ಹಿಂದಿನ ದೀಪದ ಗಾಜು. ಬಾಗಿಲಿನ ರಬ್ಬರು. ಇಂಧನದ ಪಂಪು. ಓದುತ್ತ ಓದುತ್ತ ಅವನ ಬೆರಳು ಎಲ್ಲಕ್ಕಿಂತ ಕೆಳಗಿನ, ಹಳದಿ ತಿರುಗಿದ ಮೊದಲ ಚೀಟಿಯ ಮೇಲೆ ನಿಂತಿತು.

"ಎಡಬಾಗಿಲಿನ ಗಾಜು ಇಳಿಸೋ ಹಿಡಿ," ಎಂದ. "ಅಣ್ಣನ ಕಾರಿನಲ್ಲಿ ಅದು ಮುರಿದಿತ್ತು. ಸಿಕ್ಕಿದ ಕೂಡಲೇ ಹಾಕಿಕೊಡ್ತೀನಿ ಅಂದಿದ್ದೆ."

"ಜರಡಿಯಾಗಿದ್ದ ತಳಕ್ಕೆ ತಗಡು ಬೇಕು ಅಂತ ಒಂದಾದರೂ ಚೀಟಿ ಇದೆಯಾ?"

ಇರಲಿಲ್ಲ.

ಮೇಸ್ತ್ರಿ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ಅಣ್ಣನ ಕಾರಿಗೇ ನಾನು ಇಷ್ಟು ವರ್ಷ... ಹುಡುಕಿ ಹುಡುಕಿ ಕೊಟ್ಟೆನಲ್ಲ."

*

ಡಾಕ್ಟರ ಗ್ಯಾರೇಜು ಶಸ್ತ್ರಚಿಕಿತ್ಸೆಯ ಕೊಠಡಿಯಷ್ಟು ಶುಚಿಯಾಗಿತ್ತು. ಕಿಟಕಿಗಳಿಗೆ ದಪ್ಪ ಪರದೆ; ಮಧ್ಯಾಹ್ನದಲ್ಲೂ ಒಳಗೆ ಮಬ್ಬು. ನಡುವೆ ಬಿಳಿಯ ಹೊದಿಕೆಯ ಕೆಳಗೆ ಉದ್ದನೆಯ ಆಕಾರವೊಂದು ಮಲಗಿತ್ತು.

"ಬಾರಪ್ಪಾ ಮೇಸ್ತ್ರಿ, ಎಷ್ಟು ವರ್ಷ ಆಯ್ತು ನೀನಿಲ್ಲಿಗೆ ಬಂದು! ಅತ್ತಿಗೆ ಹಲ್ಲುನೋವು ಹೇಗಿದೆ?"

ಮೇಸ್ತ್ರಿಯ ಕಣ್ಣು ನೆಲದ ಮೇಲಿತ್ತು. ನೆಲ ಗೋಡೆಯಿಂದ ಗೋಡೆಗೆ ನುಣುಪಾದ ಸಿಮೆಂಟು. ಎಲ್ಲಿಯೂ ಗುಂಡಿಯಿರಲಿಲ್ಲ.

ಇನ್ಸ್‌ಪೆಕ್ಟರ್ ಗಡಿಯಾರವನ್ನು ಚಾಚಿದರು. "ಗುಜರಿಯಲ್ಲಿ ಸಿಕ್ಕಿತು ಡಾಕ್ಟ್ರೇ. ನಿಮಗೆ ಬಂದ ಡಬ್ಬಿಯಲ್ಲಿತ್ತು."

ಒಂದು ಕ್ಷಣ, ಒಂದೇ ಕ್ಷಣ, ಡಾಕ್ಟರು ತಡೆದರು. ಅನಂತರ ಅದನ್ನು ತಿರುಗಿಸಿ ಹಿಂಬದಿ ನೋಡಿದರು. ಮುಖ ತಿಳಿಯಾಯಿತು. "ನನ್ನದೇ. ನಿಂತುಹೋಯ್ತು, ಎಸೆದೆ. ತಪ್ಪಾ?"

"ಬೇರೆ ಕಾರಿನದು ಅಂತ ಒಬ್ಬರ ವಾದ."

"ಅಯ್ಯೋ, ನನ್ನ ಕಾರಿನದೇ ಮೇಡಂ. ಕಾರ್ಖಾನೆಯಿಂದ ಬಂದ ಮೇಲೆ ಇದರ ಹೊಟ್ಟೆ ಯಾರೂ ಕಂಡಿಲ್ಲ. ಈ ನಾಲ್ಕು ತಿರುಪು ನೋಡಿ, ಒಂದಾದರೂ ಗೀರಿದೆಯಾ? ಯಾರಾದರೂ ಬಿಚ್ಚಿದ್ದರೆ ತಲೆ ಹೀಗಿರುತ್ತಿತ್ತಾ? ಬೇಕಾದ್ರೆ ಬರೆದುಕೊಡ್ತೀನಿ."

"ಬರೆದುಕೊಡಿ."

ಡಾಕ್ಟರು ನಗುತ್ತಲೇ ಬರೆದು ಸಹಿ ಹಾಕಿದರು. ಅದು ಅವರ ಕೊನೆಯ ಚೀಟಿ.

"ಮೇಸ್ತ್ರಿ, ಈಗ ಬಿಚ್ಚಿ."

ಸವೆದ ಹಿಡಿಯ ಸ್ಕ್ರೂಡ್ರೈವರ್ ಜೇಬಿನಿಂದ ಹೊರಬಂದಿತು. ಒಂದು. ಎರಡು. ಮೂರು. ನಾಲ್ಕು. ತಗಡು ಕಳಚಿತು. ಇನ್ಸ್‌ಪೆಕ್ಟರ್ ಅದನ್ನು ಡಾಕ್ಟರ ಕಣ್ಣಮುಂದೆ ಹಿಡಿದರು. ಡಾಕ್ಟರು ಓದಿದರು. ಅವರ ನಗು ತುಟಿಯ ಮೇಲೆಯೇ ಸತ್ತುಹೋಯಿತು.

"ಗುರುತು ಉಳಿಯದ ಹಾಗೆ ಬಿಚ್ಚೋ ಕೈಯೂ ಇದೆ ಅಂತ ನಿಮಗೆ ಗೊತ್ತಿರಲಿಲ್ಲ," ಎಂದರು ಇನ್ಸ್‌ಪೆಕ್ಟರ್. "ಗೊತ್ತಿದ್ದಿದ್ದರೆ ಇದನ್ನ ಪುಡಿ ಮಾಡಿಬಿಡ್ತಿದ್ರಿ. ನೀವು ಕಿತ್ತ ತಿರುಪುಗಳ ತಲೆಯೆಲ್ಲ ಹಾಳಾಗಿತ್ತು. ಹಾಗಾಗಿ ತಲೆ ಹಾಳಾಗದ್ದೆಲ್ಲ ಯಾರೂ ಮುಟ್ಟದ್ದು ಅಂದುಕೊಂಡ್ರಿ. ಮೇಸ್ತ್ರಿ ಒಮ್ಮೆ ಕೈಯಾಡಿಸಿದ್ರೆ ಅಣ್ಣನ ಕಾರು ಅಂತ ಹೇಳಿಬಿಡ್ತಾರೆ. ಅದಕ್ಕೇ ಕಾರು ಅಂಗಡಿಗೆ ಹೋಗಲಿಲ್ಲ, ಚೀಟಿ ಹೋಯ್ತು. ನಿಮ್ಮ ಕಾರಿಗೆ ಬೇಕಾಗಿದ್ದದ್ದು ತಳ. ನೀವು ಬರೆದುಕೊಟ್ಟದ್ದು ಅವರಣ್ಣನ ಕಾರಿನ ಹಿಡಿ. ಅವತ್ತು ಸಂಜೆ ಆ ಕಾರು ಹೆದ್ದಾರಿಯಲ್ಲಿರಲಿಲ್ಲ. ಇಲ್ಲಿತ್ತು."

ಮೇಸ್ತ್ರಿ ಹೊದಿಕೆಯನ್ನು ಎಳೆದ. ಕೆಂಪು ಕಾರು ಹೊಳೆಯಿತು. ಬಾಗಿಲು ತೆರೆದು ಬಗ್ಗಿ, ನೋಡದೆಯೇ, ಗಡಿಯಾರದ ಹಿಂದಕ್ಕೆ ಕೈ ಹಾಕಿದ. ಗಡಿಯಾರ ಅಲುಗದಿರಲೆಂದು ಅಂದು ತಾನೇ ಬಗ್ಗಿಸಿ ಕೂರಿಸಿದ್ದ ತಗಡಿನ ಪಟ್ಟಿ ಬೆರಳಿಗೆ ಸಿಕ್ಕಿತು. ಬಾಗಿಲಿನ ಒಳ ಅಂಚನ್ನು ಸ್ಕ್ರೂಡ್ರೈವರಿನಿಂದ ಕೆರೆದ. ಕೆಂಪಿನ ಕೆಳಗೆ ಹಸಿರು ಕಂಡಿತು.

"ಇಲ್ಲೊಂದು ಗುಂಡಿ ಇತ್ತಲ್ಲ," ಎಂದ.

"ನೀರು ಜಿನುಗ್ತಿತ್ತು. ಮುಚ್ಚಿಸಿದೆ."

"ಯಾವ ವರ್ಷ?"

ಇನ್ಸ್‌ಪೆಕ್ಟರ್ ಹೊರಗೆ ನಿಂತಿದ್ದವರನ್ನು ಕರೆದರು. ಅವರ ಕೈಯಲ್ಲಿ ಹಾರೆಗಳಿದ್ದವು. ಒಬ್ಬನ ಕೈಯಲ್ಲಿ ಶೋಧನೆಯ ಆದೇಶವಿತ್ತು. ಕಾರನ್ನು ಪಕ್ಕಕ್ಕೆ ತಳ್ಳಿದರು. ಹತ್ತೊಂಬತ್ತು ವರ್ಷ ಅದು ನಿಂತಿದ್ದ ಜಾಗಕ್ಕೆ ಮೊದಲ ಹಾರೆ ಬಿದ್ದೊಡನೆ ಡಾಕ್ಟರು ಗೋಡೆಗೆ ಒರಗಿ ಕುಸಿದರು.

"ಎಷ್ಟು ಸಲ ಕೇಳಿದೆ ಅವನನ್ನ," ಎಂದರು, ಯಾರಿಗೂ ಅಲ್ಲದಂತೆ. "ನನ್ನದು ದಿನಾ ನೆಲಕ್ಕೆ ಉದುರ್ತಾ ಇತ್ತು. ಅವನದು ಹೊಸದರ ಹಾಗಿತ್ತು. ಕೊಡಲ್ಲ, ಮಗಳು ದೊಡ್ಡವಳಾದ ಮೇಲೆ ಓಡಿಸ್ತಾಳೆ ಅಂದ. ನನ್ನ ಕಾರಿನ ತಳ ನೋಡೋಕೆ ಗುಂಡಿಗಿಳಿದಿದ್ದ. ಬಗ್ಗಿ ನಿಂತಿದ್ದ. ಸ್ಪ್ಯಾನರ್ ನನ್ನ ಕೈಯಲ್ಲೇ ಇತ್ತು."

*

ಮೂರನೆಯ ದಿನ ಇನ್ಸ್‌ಪೆಕ್ಟರ್ ಮೇಸ್ತ್ರಿಯೊಡನೆ ಅತ್ತಿಗೆಯ ಮನೆಗೆ ಬಂದರು. ಮಗಳು ತಾಯಿಯ ಕುರ್ಚಿಯ ಹಿಂದೆ ನಿಂತಿದ್ದಳು. ಇನ್ಸ್‌ಪೆಕ್ಟರ್ ಪಾರದರ್ಶಕ ಚೀಲವೊಂದನ್ನು ಮೇಜಿನ ಮೇಲಿಟ್ಟರು. ಒಳಗೆ ತುಕ್ಕು ಹಿಡಿದ ಒಂದು ಕೀಲಿ.

"ಗುರುತಿಸಬೇಕು. ಅವರ ಜೇಬಿನಲ್ಲಿತ್ತು."

ಅತ್ತಿಗೆ ಅದನ್ನು ಮುಟ್ಟಲಿಲ್ಲ. "ಪಕ್ಕದ ಸೀಟಿನಲ್ಲಿ ಯಾರೋ ಇದ್ದಳು ಅಂದಿದ್ರಲ್ಲೋ?" ಎಂದು ಮೈದುನನನ್ನು ಕೇಳಿದಳು.

"ಯಾರೂ ಇರಲಿಲ್ಲ ಅತ್ತಿಗೆ. ಅಣ್ಣ ಎಲ್ಲಿಗೂ ಹೋಗಿರಲಿಲ್ಲ."

ಅವಳು ಎದ್ದು ಒಳಗೆ ಹೋದಳು. ಎಂದಿನಂತೆ ಇನ್ನು ಬರುವುದಿಲ್ಲವೆಂದು ಮೇಸ್ತ್ರಿ ಭಾವಿಸಿದ. ಒಳಗೆ ಕಪಾಟಿನ ತಳದಿಂದ ಏನೇನನ್ನೋ ಸರಿಸುವ ಸದ್ದು ಬಹಳ ಹೊತ್ತು ಕೇಳಿಸಿತು. ಅನಂತರ ಅವಳು ಹೊರಬಂದು, ಬಟ್ಟೆಯಲ್ಲಿ ಸುತ್ತಿದ್ದ ಹಳೆಯ ಬೀಗವನ್ನು ಬಿಡಿಸಿ ಆ ಕೀಲಿಯ ಪಕ್ಕದಲ್ಲಿಟ್ಟಳು.

ಬೀಗಕ್ಕೆ ಎಣ್ಣೆ ಹಚ್ಚಿ ಇಟ್ಟಿದ್ದಳು. ಒಂದು ಚೂರೂ ತುಕ್ಕು ಹಿಡಿದಿರಲಿಲ್ಲ.