ನಕಲಿ ಪ್ರಯಾಣಿಕ

"ಈ ಬ್ಯಾಗ್ ಯಾರದು?!"

ಬಿಂದುಶ್ರೀಯ ದನಿಗೆ ಏರ್‌ಪೋರ್ಟಿನ ತಪಾಸಣೆ ಸಾಲೇ ಸ್ತಬ್ಧವಾಯಿತು. ಅವಳ ಮುಂದಿನ ಎಕ್ಸ್‌ರೇ ಪರದೆಯಲ್ಲಿ, ಟಿಫಿನ್ ಡಬ್ಬಿಯ ಕೆಳಗೆ, ಪಿಸ್ತೂಲಿನ ಆಕಾರ!

"ನಂದೇ ಮೇಡಂ."

ಅವಳು ತಲೆ ಎತ್ತಿದಳು. ಅಶ್ವತ್ಥ್! ದಿನಾ ಹೆಬ್ಬಾಳದಲ್ಲಿ ಅವಳ ಜೊತೆ ಬಸ್ ಹತ್ತಿ, ಯಲಹಂಕದವರೆಗೂ ನಗಿಸಿ ಇಳಿದುಹೋಗುವ, ಕೊರಿಯರ್ ಕಂಪನಿ ಕೆಲಸದ ಅಶ್ವತ್ಥ್...

'ಇವರಾ? ಏನೋ ಆಟಿಕೆ ಇರಬೇಕು... ಬಿಟ್ಟುಬಿಡಲಾ?'

ಒಂದೇ ಒಂದು ಕ್ಷಣ. ಆಮೇಲೆ ಅವಳ ಬೆರಳು ಎಚ್ಚರಿಕೆ ಗುಂಡಿಯನ್ನು ಒತ್ತಿಯೇಬಿಟ್ಟಿತು.

ಓಡಿಬಂದ ಅಧಿಕಾರಿ ಗಾಬರಿಯಾಗಲಿಲ್ಲ, ನಕ್ಕರು! "ಶಭಾಷ್ ಬಿಂದುಶ್ರೀ! ಇವರು ನಮ್ಮ ಭದ್ರತಾ ಪಡೆಯವರೇ. ನಿಮ್ಮನ್ನ ಪರೀಕ್ಷೆ ಮಾಡೋಕೆ ಪ್ರಯಾಣಿಕನ ವೇಷದಲ್ಲಿ ಬಂದಿದ್ರು. ಅದು ನಕಲಿ ಪಿಸ್ತೂಲು."

ಪಕ್ಕದ ಸಾಲಿನ ಸಹೋದ್ಯೋಗಿ ನೂರ್‌ಜಹಾನ್ ಚಪ್ಪಾಳೆ ತಟ್ಟಿದಳು. ಅಶ್ವತ್ಥ್ ಮಾತ್ರ ಬಿಂದುಶ್ರೀಯ ಮುಖ ನೋಡದೆ ಹೊರಟುಹೋದ.

ಅಲ್ಲಿಂದ ಶುರುವಾಯಿತು ನೋಡಿ ಸಂಕಟ!

ತರಬೇತಿಯಲ್ಲಿ ಉಸ್ತಾದರು ಹೇಳಿದ್ದು ಈಗ ಕಿವಿಯಲ್ಲೇ ಕೂತಿತ್ತು. "ನಮ್ಮ ಪಡೆ ಹುಟ್ಟಿದ್ದು ಕಾರ್ಖಾನೆ ಕಾಯೋಕಮ್ಮಾ, ಏರ್‌ಪೋರ್ಟ್ ಬಂದಿದ್ದು ಆಮೇಲೆ. ಆ ಕಾಲದಲ್ಲಿ ದಿನಾ ನಮಸ್ಕಾರ ಹೊಡೀತಿದ್ದವನೇ ಒಳಗಿಂದ ತಾಮ್ರ ಸಾಗಿಸ್ತಿದ್ದ. ಮೊದಲು ಸಲಿಗೆ, ಆಮೇಲೆ ಕಳ್ಳತನ!"

'ಹಾಗಾದ್ರೆ ಬಸ್ಸಿನ ಮಾತು, ನಗು, ನಂಗೋಸ್ಕರ ಹಿಡಿದಿಟ್ಟ ಸೀಟು... ಎಲ್ಲಾ ಪರೀಕ್ಷೆಯ ತಯಾರಿನಾ? ನಾನು ಕರಗ್ತೀನಾ ಅಂತ ನೋಡಿದ್ರಾ?'

ಕರಗಿದ್ದಳಲ್ಲ! ಆ ಒಂದು ಕ್ಷಣ ನೆನೆದರೆ ಮೈಯೆಲ್ಲ ಉರಿಯುತ್ತಿತ್ತು. ಅವನ ಫೋನ್ ಎತ್ತಲಿಲ್ಲ. ಅವನು ಸಿಗಬಾರದೆಂದು ಬೇಗನೇ ಹೊರಟು ಬೇರೆ ಬಸ್ ಹಿಡಿದಳು. ಬಸ್ ಹತ್ತಿದ ಮೇಲೆ ಕಿಟಕಿಯಲ್ಲಿ ಅವನನ್ನೇ ಹುಡುಕಿದಳು. ಮನಸ್ಸಿಗೆ ಮಾನ ಮರ್ಯಾದೆ ಎಲ್ಲಿರುತ್ತೆ ಹೇಳಿ!

"ಯಾಕವ್ವಾ ಇಂಗೆ ಅನ್ನ ಕೆದಕ್ತಾ ಕುಂತಿದೀಯ?" ಎಂದಳು ಒಂದು ರಾತ್ರಿ ಅಮ್ಮ ಲಕ್ಷ್ಮಿದೇವಮ್ಮ. ಬಾಗಲೂರು ಬಿಟ್ಟು ಆರ್.ಟಿ. ನಗರ ಸೇರಿ ವರ್ಷಗಳಾಗಿದ್ದರೂ ಆಕೆಯ ಮಾತು ಬದಲಾಗಿರಲಿಲ್ಲ.

"ಹಸಿವಿಲ್ಲಮ್ಮ."

"ಯಾರವ್ನು?"

ಬಿಂದುಶ್ರೀ ತಟ್ಟೆ ಬಿಟ್ಟು ಎದ್ದುಹೋದಳು.

ಮಾರನೆಯ ಬೆಳಿಗ್ಗೆ ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ಖಾಕಿ ಸಮವಸ್ತ್ರದವನೊಬ್ಬ ಅವಳಿಗಿಂತ ಮೊದಲೇ ಬಂದು ದಾರಿಗೆ ಅಡ್ಡ ನಿಂತ. ಅಶ್ವತ್ಥ್! ಖಾಕಿಯಲ್ಲಿ ಅವನನ್ನು ಅವಳು ನೋಡಿರಲೇ ಇಲ್ಲ.

"ಇವತ್ತು ಯಾರನ್ನ ಪರೀಕ್ಷೆ ಮಾಡೋಕೆ ಬಂದ್ರಿ?" ಎಂದಳು ಕಟುವಾಗಿ.

"ಬಯ್ಯಿರಿ. ಆದ್ರೆ ಕೇಳಿ ಬಯ್ಯಿರಿ... ಈ ಪರೀಕ್ಷೆ ಮಾಡೋ ನಮ್ಮ ವಿಭಾಗದವರು ಕೆಲಸ ಏನು ಅಂತ ಯಾರಿಗೂ ಹೇಳೋ ಹಾಗಿಲ್ಲ, ಅದಕ್ಕೇ ಕೊರಿಯರ್ ಅಂದೆ. ದಿನಾ ಯಲಹಂಕದ ಆಫೀಸು, ಪರೀಕ್ಷೆ ಇದ್ದಾಗ ಮಾತ್ರ ನನ್ನನ್ನ ಬೇರೆ ಊರಿಗೆ ಕಳಿಸ್ತಿದ್ರು. ಆವತ್ತು ಬರಬೇಕಾದವನಿಗೆ ಜ್ವರ, ನನ್ನನ್ನ ಇಲ್ಲಿಗೆ ಕಳಿಸಿದ್ರು."

"ನನ್ನ ನೋಡಿದ ಮೇಲಾದ್ರೂ ಬೇರೆ ಸಾಲಿಗೆ ಹೋಗ್ಬಹುದಿತ್ತಲ್ಲ?"

"ಹೋಗಿದ್ರೆ ನಿಮ್ಮ ಕಣ್ಣಿನ ಮೇಲೆ ನಂಬಿಕೆ ಇಲ್ಲ ಅಂತ ಆಗ್ತಿತ್ತು."

"ನಾನು ಒಂದು ಕ್ಷಣ ಬಿಟ್ಟುಬಿಡೋಣ ಅಂದ್ಕೊಂಡಿದ್ದೆ ಕಣ್ರೀ..."

"ಬಿಡಲಿಲ್ಲವಲ್ಲ!"

ಏರ್‌ಪೋರ್ಟ್ ಬಸ್ ಬಂತು. ಇಬ್ಬರೂ ಹತ್ತಲಿಲ್ಲ.

"ಈ ಖಾಕಿ ಯಾಕೆ?"

"ಪರಿಚಯದವರನ್ನ ಪರೀಕ್ಷೆ ಮಾಡೋದು ತಪ್ಪು. ಆವತ್ತು ಸಂಜೆಯೇ ಸಾಹೇಬ್ರ ಮುಂದೆ ಒಪ್ಪಿಕೊಂಡೆ. ಆ ವಿಭಾಗದಿಂದ ತೆಗೆದು ಯಶವಂತಪುರದ ಕಡೆ ಕಾರ್ಖಾನೆ ಗೇಟಿಗೆ ಹಾಕಿದ್ರು."

"ಅಯ್ಯೋ... ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ!"

"ಎಂಥ ಪರಿಚಯ ಅಂತ ಕೇಳಿದ್ರು. ಸುಳ್ಳು ಹೇಳೋಕೆ ಬಾಯಿ ಬರಲಿಲ್ಲ... ನಾನು ಮದುವೆ ಆಗ್ಬೇಕು ಅಂತಿರೋ ಹುಡುಗಿ ಅಂದೆ."

ಬಿಂದುಶ್ರೀಗೆ ಅಳುವೂ ನಗುವೂ ಒಟ್ಟಿಗೇ ನುಗ್ಗಿ ಬಂದವು. "ನನಗಿಂತ ಮೊದಲು ಸಾಹೇಬ್ರಿಗೆ ಹೇಳಿದ್ರಾ?! ಹುಡುಗಿ ಒಪ್ಪಿದ್ಲಾ ಅಂತ ಅವರು ಕೇಳಲಿಲ್ವಾ?"

"ಕೇಳಿದ್ರು. ಫೋನೇ ಎತ್ತುತ್ತಿಲ್ಲ ಸಾರ್ ಅಂದೆ."

ಅವಳು ಕಣ್ಣೊರೆಸಿಕೊಂಡು ಅವನ ಕೈ ಹಿಡಿದಳು.

"ಒಪ್ಪಿದಾಳೆ ಅಂತ ಹೇಳಿ."

"ಸಾಹೇಬ್ರಿಗಾ?"

"ಅಲ್ಲ ಕಣ್ರೀ... ನಮ್ಮಮ್ಮನಿಗೆ!"