ಉತ್ತರಾರ್ಧದ ಓದುಗ

ಪುಸ್ತಕವನ್ನು ಸರಿಯಾಗಿ ನಡುವೆ ಕತ್ತರಿಸಿಕೊಡಿ ಎಂದು ಕೇಳಿದ ಗಿರಾಕಿಯನ್ನು ಚಿಕ್ಕಮಾದು ಅದುವರೆಗೆ ಕಂಡಿರಲಿಲ್ಲ. ಟಿ. ನರಸೀಪುರದ ಬಸ್ ಸ್ಟ್ಯಾಂಡಿನ ಎದುರು ಅವನದೊಂದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಹರಿದದ್ದನ್ನು ಹೊಲಿಯುವುದು, ಬಿಚ್ಚಿಕೊಂಡಿದ್ದನ್ನು ಅಂಟಿಸುವುದು ಅವನ ಕಸುಬು. ಅಂಥವನ ಮುಂದೆ ಎಂಟುನೂರು ಪುಟದ ಹೊಸ ಇಂಗ್ಲಿಷ್ ಕಾದಂಬರಿ ಇಟ್ಟು, ಇದನ್ನು ಎರಡು ಮಾಡಿ ಅಂದಳು ಆ ಹುಡುಗಿ.

ಅವನು ಆಗಲ್ಲ ಅಂದ. ಅವಳು ಬಿಡುವ ಪೈಕಿಯಲ್ಲ. ಹೆಸರು ಸರ್ವಮಂಗಳಾ, ಊರು ನಂಜನಗೂಡು, ಇಲ್ಲಿಯ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ, ದಿನಾ ಬಸ್ಸು, ಅರ್ಧ ದಾರಿ ನಿಂತೇ ಬರಬೇಕು, ಒಂದು ಕೈಯಲ್ಲಿ ಕಂಬಿ ಹಿಡಿದು ಇನ್ನೊಂದರಲ್ಲಿ ಇಷ್ಟು ದಪ್ಪದ್ದನ್ನು ಹಿಡಿದರೆ ಮಣಿಕಟ್ಟು ಸೋತುಹೋಗುತ್ತದೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಇನ್ನೂ ಕತ್ತರಿ ತೆಗೆದುಕೊಂಡಿಲ್ಲವಲ್ಲ ಎಂಬಂತೆ ಅವನನ್ನೇ ನೋಡುತ್ತಾ ನಿಂತಳು.

ಚಿಕ್ಕಮಾದು ಪುಸ್ತಕದ ಬೆನ್ನು ಬಿಚ್ಚಿದ, ಎರಡು ಮಾಡಿದ, ಎರಡಕ್ಕೂ ಹೊಲಿಗೆ ಹಾಕಿ ರಟ್ಟು ಕಟ್ಟಿದ. ಕೊಡುವಾಗ ಉತ್ತರಾರ್ಧವನ್ನು ಮಾತ್ರ ತನ್ನ ಕಡೆ ಎಳೆದುಕೊಂಡ.

"ನೀವು ಮೊದಲನೇದು ಮುಗಿಸೋಗಂಟ ಇದು ಸುಮ್ನೆ ಕೂತಿರ್ತದಲ್ಲ ಮೇಡಂ, ನಾನು ಓದ್ಲಾ?"

"ನಡುವಿಂದಾನಾ? ಏನು ಅರ್ಥ ಆಗುತ್ತೆ?"

"ಊಟದೊತ್ತಿಗೆ ಮದುವೆ ಮನೇಗೆ ಬಂದೋರ್ಗೂ ಗಂಡು ಯಾರು, ಎಣ್ಣು ಯಾರು ಅಂತ ಗೊತ್ತಾಗ್ತದೆ ಕಣ್ರೀ."

ಅವಳು ನಕ್ಕಳು. ಚಿಕ್ಕಮಾದು ಬಿ.ಕಾಂ. ಓದಿದವನು, ಇಂಗ್ಲಿಷನ್ನು ತಡವರಿಸಿಕೊಂಡು ಓದುತ್ತಿದ್ದ, ತಿಳಿಯದ ಪದಕ್ಕೆ ಮೊಬೈಲ್ ಇತ್ತು. ಆದರೂ ಆ ನಾನೂರು ಪುಟವನ್ನು ಅವನು ಓದಿ ಮುಗಿಸಿದ್ದು ಆ ನಗೆಯ ಬಲದಿಂದಲೇ ಎಂದು ಹೇಳಿದರೆ ತಪ್ಪಾಗಲಾರದು.

ಅಲ್ಲಿಂದ ಎರಡು ವರ್ಷ ಅದೇ ಪದ್ಧತಿ. ಅವಳು ಆನ್‌ಲೈನಿನಲ್ಲಿ ಹೊಸ ಫ್ಯಾಂಟಸಿ ತರಿಸುವಳು, ಅವನು ಕತ್ತರಿಸುವನು, ಅವಳಿಗೆ ಪೂರ್ವಾರ್ಧ, ಅವನಿಗೆ ಉತ್ತರಾರ್ಧ, ಮುಗಿದ ಮೇಲೆ ಅದಲುಬದಲು. ಸಂಜೆ ಬಸ್ಸು ಬರುವ ತನಕ ಅಂಗಡಿಯ ಸ್ಟೂಲಿನ ಮೇಲೆ ಕೂತು ಅವಳು ಲೇಖಕರಿಗೆಲ್ಲ ಮಾರ್ಕ್ಸ್ ಹಾಕುತ್ತಿದ್ದಳು. ಈಗಿನವರ ಮಾಯಾಜಾಲದಲ್ಲಿ ಮಾಯೆಗಿಂತ ನಿಯಮವೇ ಜಾಸ್ತಿ ಅನ್ನುವುದು ಅವಳ ಮೊದಲ ದೂರು. ಒಂದು ಮಂತ್ರ ಹಾಕಬೇಕಾದರೆ ಅರ್ಹತೆ, ಷರತ್ತು, ಮಿತಿ, ಅದಕ್ಕಿಂತ ನಮ್ಮ ಇಲಾಖೆಯ ಸಬ್ಸಿಡಿ ಅರ್ಜಿಯೇ ವಾಸಿ ಅನ್ನುವಳು. ನಾನೂರು ಪುಟ ಕತ್ತಿ ಹಿಡಿದು ಬೈದಾಡಿ ನಾನೂರ ಒಂದನೇ ಪುಟದಲ್ಲಿ ಅಪ್ಪಿಕೊಳ್ಳುವ ನಾಯಕ ನಾಯಕಿಯರನ್ನು ಕಂಡರೆ ಆಗುತ್ತಿರಲಿಲ್ಲ. ಮೂರು ಸಂಪುಟ ಎಂದು ಆಸೆ ತೋರಿಸಿ ಎರಡಕ್ಕೇ ನಿಲ್ಲಿಸಿ ಓದುಗರನ್ನು ನಡುನೀರಿನಲ್ಲಿ ಕೈಬಿಟ್ಟವರನ್ನಂತೂ ಗ್ರಾಹಕರ ನ್ಯಾಯಾಲಯಕ್ಕೆ ಎಳೆಯಬೇಕು ಅನ್ನುತ್ತಿದ್ದಳು. ನದಿಗಳನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಕದ್ದೊಯ್ಯುವ ಕಳ್ಳಿಯೊಬ್ಬಳ ಕಾದಂಬರಿಯೊಂದಕ್ಕೆ ಮಾತ್ರ ಹತ್ತಕ್ಕೆ ಒಂಬತ್ತು ಕೊಟ್ಟಳು. ಕಳೆದ ಒಂದು ಅಂಕ ಅದರಲ್ಲಿದ್ದ ಡ್ರ್ಯಾಗನ್ನಿಗೆ. ಸಾಕಿದ ನಾಯಿಯ ಹಾಗೆ ಬಾಲ ಆಡಿಸಿತು ಎಂದು ಸಿಟ್ಟು.

ಕೊನೆ ಹೇಳಬಾರದು ಅನ್ನುವುದು ಒಪ್ಪಂದ. ಅವಳು ಹೇಳಿಸುತ್ತಲೂ ಇರಲಿಲ್ಲ, ಪಾತ್ರಗಳ ಹೆಸರನ್ನು ಒಂದೊಂದಾಗಿ ಅಂದು ಅವನ ಮುಖ ನೋಡುವಳು, ಅಷ್ಟೆ. ಸಾಯುವವನ ಹೆಸರು ಬಂದಾಗ ಚಿಕ್ಕಮಾದು ಅಂಟಿನ ಡಬ್ಬಿಯ ಮುಚ್ಚಳ ಹುಡುಕತೊಡಗುತ್ತಿದ್ದ. ಅವಳು ತುಟಿ ಕಚ್ಚಿ ನಗು ತಡೆದುಕೊಂಡು, ಹಾಗಾದರೆ ಇವನು ಹೋದ ಅನ್ನುವಳು. ಅವನು ತಲೆ ಎತ್ತಿದರೆ ಅವಳ ಕಣ್ಣು ಅಲ್ಲೇ ಇರುತ್ತಿತ್ತು, ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತು.

ಅಭಿಪ್ರಾಯದಲ್ಲಿ ಮಾತ್ರ ಇಬ್ಬರಿಗೂ ಕೂಡಿಬರುತ್ತಿರಲಿಲ್ಲ. ಯಾರ ಗತಿ ಏನಾಯಿತೆಂದು ತಿಳಿದ ಮೇಲೆ ಪೂರ್ವಾರ್ಧ ಓದುವವನಿಗೆ ಅಲ್ಲಿಯ ನಗು, ಆಸೆ, ಹಾರಾಟವೆಲ್ಲ ಪೆದ್ದುತನವಾಗಿ ಕಾಣುತ್ತಿತ್ತು. ಇಷ್ಟು ಕುಣಿಯುತ್ತಾರಲ್ಲ, ಮುಂದೆ ಏನು ಕಾದಿದೆ ಅಂತ ಗೊತ್ತಿಲ್ಲವಲ್ಲ ಅನ್ನುವನು. ಗೊತ್ತಿಲ್ಲದೇ ಹೆಜ್ಜೆ ಇಡುತ್ತಾರಲ್ಲ, ಅದೇ ಅವರ ದೊಡ್ಡತನ ಅನ್ನುವಳು ಅವಳು.

ಹೀಗಿರುವಾಗ ಒಂದು ದಿನ ಕನ್ನಡದ ಪುಸ್ತಕ ತಂದಳು. ಎಂಬತ್ತು ವರ್ಷದ ಮುಂದಿನ ಕಥೆ, ಸತ್ತ ಅಜ್ಜಿಯ ದನಿಯನ್ನು ಯಂತ್ರದಲ್ಲಿ ಇಟ್ಟುಕೊಂಡ ಸಂಸಾರದ್ದು. ನೂರೆಂಬತ್ತೇ ಪುಟ, ಎರಡು ಬೆರಳಲ್ಲಿ ಹಿಡಿಯಬಹುದು. ಅದನ್ನೂ ಕತ್ತರಿಸು ಅಂದಳು.

"ಇದು ಭಾರ ಇಲ್ವಲ್ಲ ಮಂಗಳಾ."

"ಇಲ್ಲ. ಆದ್ರೂ ಕತ್ತರಿಸು ಕಣೋ."

ಚಿಕ್ಕಮಾದುವಿನ ಕೈ ಅವತ್ತು ಮೊದಲ ಸಲ ಸೊಟ್ಟ ಕತ್ತರಿಸಿತು. ಪ್ರೀತಿ ಅನ್ನುವ ಪದ ಅಲ್ಲಿ ಯಾರ ಬಾಯಿಂದಲೂ ಬರಲಿಲ್ಲ, ಬರುವ ಅಗತ್ಯವೂ ಇರಲಿಲ್ಲ.

ಜಾತಿ ಬೇರೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅವನವರು ಮೂಗೂರಿನ ಕಡೆ ಗದ್ದೆ ಮಾಡುವವರು. ಅವಳದು ಮಠಕ್ಕೆ ನಡೆದುಕೊಳ್ಳುವ ಮನೆ. ತಂದೆ ಗಂಗಾಧರಸ್ವಾಮಿ ನಂಜನಗೂಡಿನಲ್ಲಿ ಬಾಳೆಹಣ್ಣಿನ ಮಂಡಿ ಇಟ್ಟಿದ್ದವರು, ಮಾತು ಕಮ್ಮಿ. ಮಂಗಳಾ ಅವರ ಮುಂದೆ ವಿಷಯ ತೆಗೆದಳು. ಅವರು ಎರಡು ದಿನ ಸುಮ್ಮನಿದ್ದು ಮೂರನೆಯ ದಿನ, ಭಾನುವಾರ ಹತ್ತು ಗಂಟೆಗೆ ಹುಡುಗನನ್ನು ಮನೆಗೆ ಬರಹೇಳು ಅಂದರಂತೆ. ಯಾಕೆ ಏನು ಎಂದು ಅವಳಿಗೂ ಹೇಳಲಿಲ್ಲ. ಏನಾಗುತ್ತೋ ಗೊತ್ತಿಲ್ಲ, ಆದರೂ ಬಾ ಅಂದಳು.

ಚಿಕ್ಕಮಾದು ಹೋದ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಅವರ ಬೀದಿಯ ತಿರುವಿಗೆ ಬಂದ. ಮನೆಯ ಮುಂದೆ ಗಂಡಸರ ಚಪ್ಪಲಿಗಳು ಸಾಲಾಗಿ ಬಿಟ್ಟಿದ್ದವು, ಎಂಟೋ ಒಂಬತ್ತೋ ಜೊತೆ. ಪಕ್ಕದಲ್ಲಿ ಮಠದ ಹೆಸರು ಬರೆದ ಕಾರು. ಒಳಗಿನಿಂದ ದೊಡ್ಡ ದನಿಯ ಮಾತು ಕೇಳುತ್ತಿತ್ತು.

ಎರಡು ವರ್ಷ ಬರೀ ಕೊನೆಗಳನ್ನೇ ಮೊದಲು ಓದಿದವನಿಗೆ ಇದರ ಕೊನೆಯೂ ತಿಳಿದುಹೋಯಿತು. ಕುಲದವರನ್ನೆಲ್ಲ ಸೇರಿಸಿದ್ದಾರೆ, ತನ್ನನ್ನು ನಡುವೆ ನಿಲ್ಲಿಸಿ ಮರ್ಯಾದೆ ಕಳೆದು ಕಳಿಸುತ್ತಾರೆ, ಅದನ್ನು ಅವಳು ಬಾಗಿಲ ಸಂದಿಯಿಂದ ನೋಡಬೇಕಾಗುತ್ತದೆ. ಅಷ್ಟು ದೂರ ಯಾಕೆ ಹೋಗಬೇಕು ಎಂದು ಅಲ್ಲಿಂದಲೇ ತಿರುಗಿದ. ನಿಮ್ಮ ಮನೆಯಲ್ಲಿ ನನ್ನಿಂದ ಗಲಾಟೆ ಬೇಡ, ನನ್ನನ್ನು ಮರೆತುಬಿಡು ಎಂದು ಮೆಸೇಜು ಹಾಕಿ ಮೊಬೈಲ್ ಆಫ್ ಮಾಡಿದ. ತಾನೇನೋ ತ್ಯಾಗ ಮಾಡಿದೆ ಅಂದುಕೊಂಡಿದ್ದ, ಪುಣ್ಯಾತ್ಮ.

ವಾರ ಬಿಟ್ಟು ಆನ್ ಮಾಡಿದರೆ ಅವಳ ಕಡೆಯಿಂದ ಏನೂ ಇರಲಿಲ್ಲ. ಅವಳು ಮೈಸೂರಿಗೆ ವರ್ಗ ಮಾಡಿಸಿಕೊಂಡಳೆಂದು ಲ್ಯಾಬಿನವರು ಹೇಳಿದರು. ಅವನು ನೋವನ್ನು ನುಂಗಿಕೊಂಡು, ಒಳ್ಳೆಯದೇ ಆಯಿತು ಎಂದು ತನಗೆ ತಾನೇ ದಿನಕ್ಕೆ ಹತ್ತು ಸಲ ಹೇಳಿಕೊಂಡ.

ಒಂಬತ್ತು ತಿಂಗಳಾದ ಮೇಲೆ ಮಂಗಳಾ ಅಂಗಡಿಗೆ ಬಂದಳು. ಹಳೆಯ ಆಫೀಸಿನವರಿಗೆ ಮದುವೆಯ ಕಾಗದ ಹಂಚಲು ಬಂದವಳು, ಬಸ್ಸಿಗೆ ಇನ್ನೂ ಹೊತ್ತಿತ್ತು. ಸ್ಟೂಲಿನ ಮೇಲೆ ಕೂರಲಿಲ್ಲ. ಗಂಡು ಬನ್ನೂರಿನವನು, ಅವರ ಪೈಕಿಯೇ. ಇದನ್ನೆಲ್ಲ ಶಾಂತವಾಗಿ ಹೇಳಿ ಮುಗಿಸಿ, ಅವತ್ತು ಬೀದಿಯ ತುದಿಯವರೆಗೆ ಬಂದಿದ್ದೆಯಂತೆ, ಪಕ್ಕದ ಮನೆಯವರು ನೋಡಿದರಂತೆ, ಹೌದಾ ಎಂದು ಕೇಳಿದಳು. ಅವನು ಚಪ್ಪಲಿಗಳ ಮಾತು ಹೇಳಿದ, ಕಾರಿನ ಮಾತು ಹೇಳಿದ. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಳಿಚಿಕೊಂಡಿತು.

"ಅವರನ್ನೆಲ್ಲ ಅಪ್ಪ ಕರೆಸಿದ್ದು ನಿನ್ನ ತೋರಿಸೋಕೆ ಕಣೋ. ಇವನೇ ನಮ್ಮನೆ ಅಳಿಯ, ಯಾರಿಗೆ ಏನು ಹೇಳೋದಿದ್ರೂ ಇವತ್ತೇ ನನ್ನೆದುರಿಗೇ ಹೇಳಿ ಅನ್ನೋಕೆ. ಆ ಗಲಾಟೆ ಅಪ್ಪಂದೇ. ನಿನ್ನ ಪರವಾಗಿ ಜಗಳ ಆಡ್ತಿದ್ರು."

ಚಿಕ್ಕಮಾದು ಅಂಗಡಿಯ ಬೀಗ ಎತ್ತಿಕೊಂಡ. ಈಗಲೇ ಬರುತ್ತೇನೆ, ಅವರ ಕಾಲು ಹಿಡಿದು ಕೇಳುತ್ತೇನೆ ಅಂದ. ಅವಳು ತಲೆ ಆಡಿಸಿದಳು.

"ಹನ್ನೆರಡೂವರೆವರೆಗೂ ಬಾಗಿಲಲ್ಲೇ ನಿಂತಿದ್ರು ಅಪ್ಪ. ಬಂದೋರೆಲ್ಲ ಒಬ್ಬೊಬ್ಬರೇ ನಗ್ತಾ ಎದ್ದು ಹೋದ್ರು. ನಾನು ಇನ್ನೂ ಒಂದು ತಿಂಗಳು ನಿನ್ನ ದಾರಿ ಕಾದೆ ಮಾದು. ಅವರನ್ನ ಇನ್ನೊಂದು ಸಲ ಹಾಗೆ ನಿಲ್ಲಿಸೋಕೆ ನನ್ನ ಕೈಲಾಗಲ್ಲ."

ಹೇಳುವಾಗ ಅಳಲಿಲ್ಲ. ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತ ಮೇಲೆ ಸೆರಗು ಮುಖಕ್ಕೆ ಒತ್ತಿಕೊಂಡದ್ದನ್ನು ಅವನು ರಸ್ತೆಯ ಈಚೆಯಿಂದ ಕಂಡ.

ಬೇಡ ಅಂದರೂ ಮುಂದಿನ ಭಾನುವಾರ ಅವನು ನಂಜನಗೂಡಿಗೆ ಹೋದ. ಕ್ಷಮೆ ಕೇಳಲಿಕ್ಕೆ ಎಂದು ಅಂದುಕೊಂಡಿದ್ದರೂ ಒಳಗೊಳಗೆ ಆಸೆ ಇತ್ತು. ಇಲ್ಲ ಎಂದರೆ ಸುಳ್ಳಾಗುತ್ತದೆ. ಮನೆಗೆ ಹೊಸದಾಗಿ ಸುಣ್ಣ ಬಳಿದಿತ್ತು. ಜಗಲಿಯ ಮೇಲೆ ಗಂಗಾಧರಸ್ವಾಮಿ ಒಬ್ಬರೇ ಕೂತು ಕಾಗದದ ಮೇಲೆ ವಿಳಾಸ ಬರೆಯುತ್ತಿದ್ದರು. ಅವರು ಇವನನ್ನು ಕಂಡವರಲ್ಲ.

"ಯಾರು ಬೇಕಿತ್ತಪ್ಪ? ಬಿಸಿಲಲ್ಲಿ ಬಂದಿದೀಯ, ಕೂತ್ಕೋ." ಎದ್ದು ಹೋಗಿ ತಾವೇ ಒಂದು ಚೊಂಬು ನೀರು ತಂದುಕೊಟ್ಟರು.

ಅವನು ಹೆಸರು ಹೇಳಿದ. ಬೈಯುತ್ತಾರೆ ಎಂದು ಕಾದ, ಬೈದಿದ್ದರೆ ಚೆನ್ನಾಗಿತ್ತು. ಚಪ್ಪಲಿಗಳನ್ನು ಕಂಡು ಹೆದರಿ ತಿರುಗಿಹೋದದ್ದನ್ನು ತಡವರಿಸುತ್ತಾ ಹೇಳಿದ. ಅವರು ಕೇಳಿಸಿಕೊಂಡು ಪೆನ್ನಿನ ಮುಚ್ಚಳ ಹಾಕಿದರು. ಮಗಳು ಸೋದರತ್ತೆಯ ಜೊತೆ ಸೀರೆ ತರಲು ಮೈಸೂರಿಗೆ ಹೋಗಿದ್ದಾಳೆ, ಇನ್ನೇನು ಬರುವ ಹೊತ್ತು ಅಂದರು.

"ಅವತ್ತು ಹತ್ತು ಜನದ ಮುಂದೆ ಒಂದ್ ಮಾತು ಆಡಿದ್ದೆ, ಅದು ಹೋಯ್ತು. ಈಗ ಇನ್ನೊಂದ್ ಕಡೆ ಮಾತು ಕೊಟ್ಟಿದೀನಿ. ನೀನು ಇವತ್ತು ಈ ಬಾಗಿಲಿಗೆ ಬಂದಿದ್ದೆ ಅಂತ ಗೊತ್ತಾದ್ರೆ ಅವಳು ಹಸೆ ಮೇಲಿಂದ್ಲಾದ್ರೂ ಎದ್ದು ಬಂದ್ಬುಡ್ತಾಳೆ. ನನ್ ಮಗಳು ನನಗೆ ಗೊತ್ತು." ಕಾಗದಗಳನ್ನು ಒಟ್ಟು ಮಾಡಿಡುತ್ತಾ ಅಂದರು, "ನಾನು ಹೇಳಲ್ಲ. ನೀನೂ ಹೇಳ್ಬೇಡ ಕಣಪ್ಪ. ಇದೊಂದು ಮಾತಾದ್ರೂ ಉಳಿಸ್ಕೊಡು."

ಅಪ್ಪಣೆ ಮಾಡಿದ್ದರೆ ಮೀರಬಹುದಿತ್ತು. ಅವರು ಕೇಳಿಕೊಂಡರು.

"ಹೇಳಲ್ಲ ಸಾ," ಅಂದ ಚಿಕ್ಕಮಾದು.

ಬೀದಿಯ ತಿರುವಿಗೆ ಬರುವಷ್ಟರಲ್ಲಿ ಎದುರಿನಿಂದ ಆಟೋ ಬಂತು. ಬಾಳೆಗೊನೆ ಇಳಿಸುತ್ತಿದ್ದ ಲಾರಿಯೊಂದು ದಾರಿಗೆ ಅಡ್ಡ ನಿಂತಿದ್ದರಿಂದ ಆಟೋ ನಿಧಾನ ಮಾಡಿತು. ಇನ್ನೂ ಮುಂದೆ ಅಣ್ಣಾ, ಸುಣ್ಣ ಹೊಡೆದಿದೆಯಲ್ಲ ಆ ಮನೆ, ಎಂದು ಒಳಗಿನಿಂದ ಮಂಗಳಾ ಹೇಳುತ್ತಿದ್ದಳು. ಮೂರು ಮಾರು ದೂರ. ಒಂದು ಸಲ ಹೆಸರು ಹಿಡಿದು ಕರೆದಿದ್ದರೆ ಸಾಕಿತ್ತು. ಚಿಕ್ಕಮಾದು ಲಾರಿಯ ಮರೆಗೆ ಸರಿದು, ಗೋಡೆಯ ಕಡೆ ಮುಖ ಮಾಡಿ, ಅವರ ಮನೆಯ ಗೇಟು ಹಾಕಿಕೊಂಡ ಸದ್ದು ಕೇಳುವವರೆಗೆ ನಿಂತಿದ್ದ. ಆಮೇಲೆ ಬಸ್ ಸ್ಟ್ಯಾಂಡಿನ ದಾರಿ ಹಿಡಿದ.